ವಾರವೆಲ್ಲ ನಿಮ್ಮ ಹತ್ತಿರವೇ ಇರಲಿ

ಹದಿನಾಲ್ಕನೇ ತಾರೀಕು, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡೂ ಕಾಗದಗಳು ತಲುಪಿದವು. ಒಂದೂವರೆ ತಿಂಗಳು ಉತ್ತರ ಬರೆಯದೆ ಕೂತಿದ್ದೆ, ಬಯ್ಯಬೇಡ. ಫೋನ್ ಮಾಡಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಅವನ ಮುಖಕ್ಕಿಷ್ಟು!" ಎಂದು ಶುರು ಮಾಡುತ್ತೀಯ, ಆಮೇಲೆ ನಾನೇ ಗಂಡನ ಪರ ವಾದಿಸಬೇಕಾಗುತ್ತದೆ. ಭಾವನ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದರೆ ನೀನು ನಂಬುವುದಿಲ್ಲ, ಅದಕ್ಕೇ ಬರೆಯುವುದಿಲ್ಲ.

ನಮ್ಮ ಪುಟ್ಟ ಗುಂಡಮ್ಮನಿಗೆ ನಾಲ್ಕು ವರ್ಷ ತುಂಬಿತು. ಹಲ್ಲುಜ್ಜು ಎಂದರೂ "ಯಾರು ಹೇಳಿದ್ದು?" ಎನ್ನುತ್ತಾಳೆ. ರಾತ್ರಿ ಮೂರು ಸಲ ಏಳುತ್ತಾಳೆ, ಒಮ್ಮೆ ನೀರಿಗೆ, ಒಮ್ಮೆ ಬಚ್ಚಲಿಗೆ, ಒಮ್ಮೆ ಸುಮ್ಮನೆ. ಅವಳು ಮಲಗಿದ ಮೇಲೂ ನನಗೆ ನಿದ್ದೆ ಹತ್ತುವುದಿಲ್ಲ, ಮತ್ತೆ ಯಾವಾಗ ಏಳುತ್ತಾಳೋ ಎಂದು ಕಿವಿ ಕಾಯುತ್ತಿರುತ್ತದೆ. ಹೋದ ವಾರ ಲ್ಯಾಬಿನಲ್ಲಿ ಇಬ್ಬರ ರಕ್ತದ ಟ್ಯೂಬಿಗೆ ಚೀಟಿ ಅದಲುಬದಲು ಅಂಟಿಸಿದೆ. ನಮ್ಮ ಸೀನಿಯರ್ ಸಮಯಕ್ಕೆ ನೋಡಿ, "ಏನ್ರೀ, ಎಂಬತ್ತರ ಅಜ್ಜನ್ನ ಬಸುರಿ ಮಾಡ್ತಿದ್ರಲ್ಲ!" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕೈತೊಳೆಯುವ ಕಡೆ ಹೋಗಿ ಅತ್ತುಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ವಿಚ್ಛೇದನಕ್ಕೆ ನಾವಿಬ್ಬರೂ ಒಪ್ಪಿಯಾಗಿತ್ತು. ಉಳಿದಿದ್ದು ಗುಂಡಮ್ಮ ಯಾರ ಬಳಿ ಇರಬೇಕು ಎಂಬುದೊಂದೇ. ಅದನ್ನು ಕೂತು ಮಾತಾಡಿಕೊಳ್ಳಿ ಎಂದು ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದರು. ಈ ಸೋಮವಾರ ಹೋಗಿದ್ದೆವು. ಕೋರ್ಟಿನ ಹಿಂದೆ ಮೂರನೇ ಮಹಡಿಯಲ್ಲಿ ಒಂದು ಕೋಣೆ: ದುಂಡು ಮೇಜು, ನಾಲ್ಕು ಕುರ್ಚಿ, ಗೋಡೆಗೆ ಒರಗಿಸಿಟ್ಟ ಕೆಟ್ಟ ಫ್ಯಾನು, ಬುಟ್ಟಿಯಲ್ಲಿ ಚಕ್ರ ಕಳಚಿದ ಆಟಿಕೆಗಳು. ಮಧ್ಯಸ್ಥಿಕೆ ಮಾಡುವವರು ವಯಸ್ಸಾದ ವಕೀಲೆ. ಕೂತ ಕೂಡಲೇ ಹೇಳಿದರು: "ನೋಡಿ, ನಾನು ತೀರ್ಪು ಕೊಡೋಳಲ್ಲ. ನೀವು ಒಪ್ಪಿದ್ದನ್ನ ಬರ್ಕೊಳ್ತೀನಿ, ಅಷ್ಟೇ. ಜಗಳ ಆಡೋದಾದ್ರೆ ಒಬ್ಬೊಬ್ರಾಗಿ ಆಡಿ."

ಜಗಳ ಎಲ್ಲಿಂದ ಬರಬೇಕು ಅಕ್ಕ? ನಮ್ಮ ಸಂಸಾರವೆಲ್ಲ ಉಪಚಾರದಲ್ಲೇ ನಡೆದದ್ದು. ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬೇಕಿದ್ದರೆ "ನೀವು ಕೂತ್ಕೊಳ್ಳಿ" ಎನ್ನಬೇಕು, ಅವರು "ಬೇಡ, ನೀನೇ ಕೂತ್ಕೋ" ಎನ್ನಬೇಕು, ಆಗ ನಾನು ಕೂರಬೇಕು. ಬೇಕು ಎಂದು ಬಾಯಿಬಿಟ್ಟು ಕೇಳಿದವರು ಸಣ್ಣವರು. ಐದು ವರ್ಷ ಹೀಗೇ ಒಬ್ಬರಿಗೊಬ್ಬರು ಬೇಡ ಬೇಡ ಎಂದುಕೊಂಡೇ ಕಳೆದೆವು.

ಅಲ್ಲೂ ಅದೇ. ಅವರು, "ನಂಗೆ ಶನಿವಾರ ಭಾನುವಾರ ಸಿಕ್ರೂ ಸಾಕು. ಸ್ಕೂಲು ನಮ್ಮನೆ ಪಕ್ಕದಲ್ಲೇ ಇದೆ, ಅಮ್ಮನೂ ಇರ್ತಾರೆ, ಅಷ್ಟು ಹೇಳ್ತೀನಿ" ಎಂದರು. ನಾನು, "ಹಾಗಾದ್ರೆ ವಾರವೆಲ್ಲ ನಿಮ್ಮ ಹತ್ರಾನೇ ಇರ್ಲಿ. ರಜಾ ದಿನ ನಾನು ಕರ್ಕೊಂಡ್ ಹೋಗ್ತೀನಿ" ಎಂದುಬಿಟ್ಟೆ. ಬೇಡ ಎನ್ನುತ್ತಾರೆ ಎಂದು ಕಾದೆ. ಅವರು "ಥ್ಯಾಂಕ್ಸ್" ಎಂದರು. ಕಣ್ಣು ತುಂಬಿತ್ತು. ನಾನು ಕೊಟ್ಟದ್ದನ್ನು ಬೇಡ ಎನ್ನದೆ ಅವರು ತೆಗೆದುಕೊಂಡದ್ದು ಅದೇ ಮೊದಲು.

"ಯೋಚನೆ ಮಾಡಿ ಹೇಳ್ತಿದ್ದೀರೇನಮ್ಮ?" ಎಂದು ವಕೀಲೆ ಎರಡು ಸಲ ಕೇಳಿದರು. ಎರಡು ಸಲವೂ ತಲೆಯಾಡಿಸಿದೆ. ಸಹಿ ಮಾಡಿದೆ.

ಬರುವ ಮಂಗಳವಾರ ಅದು ನ್ಯಾಯಾಧೀಶರ ಮುಂದೆ ಹೋಗುತ್ತದೆ. ಬದಲಾಯಿಸಬಹುದಾ ಎಂದು ನಿನ್ನೆ ಆ ವಕೀಲೆಗೆ ಫೋನ್ ಮಾಡಿದ್ದೆ. "ಧಾರಾಳವಾಗಿ. ಸೋಮವಾರದೊಳಗೆ ಬನ್ನಿ, ಮತ್ತೆ ಕೂರೋಣ. ಆದ್ರೆ ಯಾಕೆ ಅಂತ ನಿಮ್ಮ ಯಜಮಾನ್ರ ಎದುರಿಗೇ ಹೇಳ್ಬೇಕಾಗತ್ತಮ್ಮ" ಎಂದರು. ಉಪಚಾರಕ್ಕೆ ಅಂದೆ ಎಂದು ಹೇಳಲೇ? ಕಿಟಕಿಯ ಸೀಟು ಕೊಟ್ಟ ಹಾಗೆ ಮಗಳನ್ನು ಕೊಟ್ಟೆ ಎನ್ನಲೇ?

ಅವರು ಕೆಟ್ಟ ತಂದೆಯಾಗಿದ್ದರೆ ಎಷ್ಟು ಸುಲಭವಿತ್ತು. ನಿನ್ನೆ ಸಂಜೆ ಮೆಸೇಜು ಬಂತು: "ಮಂಚ ತರಿಸ್ತಿದೀನಿ. ಅವಳು ಮಲಗಿದಾಗ ಹೊರಳಾಡ್ತಾಳಾ?" ನಾನು ಬರೆದೆ: "ಗೋಡೆಗೆ ತಾಗಿಸಿ ಹಾಕಿ. ಇನ್ನೊಂದು ಕಡೆ ದಿಂಬು ಇಡಿ." ನೋಡು, ನಾನೇ ಕೈಯಾರೆ ಒಂದೊಂದನ್ನೂ ಒಪ್ಪಿಸುತ್ತಿದ್ದೇನೆ.

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಗೊತ್ತಿದ್ದೇ ಅಂಚೆಗೆ ಹಾಕುತ್ತಿದ್ದೇನೆ.

ಭಾವನಿಗೆ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಕಣ್ಣೆದುರೇ ಬೆಳೆಯಲಿ. ನನಗೂ ಒಂದು ಒಳ್ಳೆಯ ಮಾತು ಹೇಳಿ ಹರಸು.

ನಿನ್ನ ತಂಗಿ

ಮ.ಮ.: ಇದನ್ನು ಭಾವನಿಗೆ ತೋರಿಸಬೇಡ. ಉಪಚಾರಕ್ಕೆ ಅಂದೆ ಎಂದು ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಅವರು ಥ್ಯಾಂಕ್ಸ್ ಅಂದಾಗ ನನಗೆ ಮೊದಲು ಅನ್ನಿಸಿದ್ದು, ಇನ್ನು ವಾರಕ್ಕೆ ಐದು ರಾತ್ರಿ ನನ್ನನ್ನು ಯಾರೂ ಎಬ್ಬಿಸುವುದಿಲ್ಲ ಎಂದು. ಮೈಯೆಲ್ಲ ಹಗುರವಾಯಿತು ಅಕ್ಕ. ಮಗಳು ಹೋದಳು ಎಂಬುದು ಮೆಟ್ಟಿಲು ಇಳಿಯುವಾಗ ಹೊಳೆಯಿತು. ಸೋಮವಾರ ಅವರೆದುರು ಹೇಳಬೇಕಾದದ್ದು ಇದನ್ನೇ. ಇದನ್ನು ಕೇಳಿದ ಮೇಲೆ ಅವಳನ್ನು ನನಗೆ ಯಾರು ಕೊಡುತ್ತಾರೆ?