ಪುಟಕ್ಕೊಂದು ಮಿಠಾಯಿ

ಮಾಲ್ಮೋ
9 ಮಾರ್ಚ್ 1958, ಭಾನುವಾರ ಮಧ್ಯಾಹ್ನ

ಮಗನೇ ಫೋಲ್ಕೆ,

ಆಶೀರ್ವಾದಗಳು. ಓಸ್ಲೋದ ಚಳಿಗೆ ನಿನ್ನ ಎದೆಕೆಮ್ಮು ಮತ್ತೆ ಶುರುವಾಯಿತೇ? ನಾನು ಹೆಣೆದುಕೊಟ್ಟ ಉಣ್ಣೆ ಅಂಗಿಯನ್ನು ಹಾಕಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ನಿನ್ನ ಪ್ರಯೋಗಶಾಲೆಯ ಇಲಿಗಳು ಹೊಟ್ಟೆಗಿಲ್ಲದೆ, ನೀನು ಹಾಕುವ ತುತ್ತಿನ ಆಸೆಗೆ ಚೆನ್ನಾಗಿ ಓಡುತ್ತಿರಬೇಕು. ಸೊಂಟನೋವು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನಿನ್ನ ಮಗಳು ಟೂವಾಳಿಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ಮಾತು ಇನ್ನೂ ಬಂದಿಲ್ಲ, ಬಲಗೈ ಏಳುವುದಿಲ್ಲ. ಕಿವಿ, ಬುದ್ಧಿ ಎರಡೂ ಚುರುಕಾಗಿವೆ.

ಅವರಿಗೆ ಲಕ್ವ ಹೊಡೆದ ಮೇಲೆ ಟೂವಾ ಯಾರೂ ಹೇಳದೆ ದಿನಾ ಸಂಜೆ ಮಗ್ಗುಲಲ್ಲಿ ಕೂತು ಕಥೆ ಪುಸ್ತಕ ಓದುತ್ತಿದ್ದಳಲ್ಲ. ತಪ್ಪು ಓದಿದರೆ ಅವರು ಎಡಗೈಯಿಂದ ಮಂಚ ತಟ್ಟುವರು, ಅವಳು ಕಿಸಕ್ಕನೆ ನಗುವಳು. ತಾಯಿಯಿಲ್ಲದ ಕೂಸಿಗೆ ಅದೇ ಆಟವಾಗಿತ್ತು. ಜನವರಿಯಲ್ಲಿ ಬಂದ ನೀನು ನೋಡಿ ಸುಮ್ಮನಿರಬಾರದಿತ್ತೇ? "ಅಮ್ಮಾ, ಪ್ರತಿಫಲ ಇಲ್ದೆ ಯಾವ ಪ್ರಾಣಿನೂ ಒಂದ್ ಕೆಲ್ಸನ ಬಹಳ ದಿನ ಮಾಡಲ್ಲ" ಎಂದು ನನಗೇ ಪಾಠ ಹೇಳಿದೆ. ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ ಎಂಬ ಕಟ್ಟನ್ನೂ ಮುರಿದು, ಪುಟಕ್ಕೊಂದು ಎಂದು ಜಾಡಿ ತುಂಬಿಸಿಟ್ಟು ಹೋದೆ. ಓದಿದವನಲ್ಲವೇ, ನಾನೂ ಹೂಂ ಅಂದೆ.

ಮೊದಮೊದಲು ಓದೇ ಓದು. ಆಮೇಲೆ ಚಿತ್ರ ತುಂಬಿದ, ಅಕ್ಷರ ಕಡಿಮೆಯಿರುವ ಪುಟಗಳನ್ನೇ ಹುಡುಕತೊಡಗಿದಳು. ಅಜ್ಜ ಮಂಚ ತಟ್ಟಿದರೆ, "ಸುಮ್ನಿರಜ್ಜ, ಪುಟ ಮುಗೀಲಿ" ಎನ್ನುವಳು. ಕಳೆದ ವಾರ ಜಾಡಿ ಬರಿದಾಯಿತು. ಆ ಸಂಜೆ ಅಪ್ಪ ತಲೆ ಬಾಚಿಸಿಕೊಂಡು ಕಾದರು. ಅವಳು ಹಿತ್ತಲಲ್ಲಿ ಹಿಮದುಂಡೆ ಕಟ್ಟುತ್ತಿದ್ದಳು. ಕರೆದೆ. "ಮಿಠಾಯಿ ಮುಗೀತಲ್ಲ ಅಜ್ಜಿ, ಸುಮ್ಸುಮ್ನೆ ಯಾಕೆ ಓದ್ಲಿ?" ಎಂದಳು. ಹಟವಿಲ್ಲ, ಸಿಟ್ಟಿಲ್ಲ, ಅಂಗಡಿಯವನ ಹಾಗೆ ನೆಟ್ಟಗೆ ಕೇಳಿದಳು.

ಅದನ್ನೂ ಮೀರಿಸಿದ್ದು ನಿನ್ನೆಯದು. ಸಕ್ಕರೆ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಸಿಯಿಂದ ಕಾಫಿ ಹೀರುವುದು, ಅಪ್ಪನಿಗೆ ಉಳಿದಿರುವ ಸುಖ ಅದೊಂದೇ. ಅದೂ ವೈದ್ಯರ ಅಪ್ಪಣೆಯಂತೆ ದಿನಕ್ಕೆ ಒಂದು ತುಂಡು. ನಿನ್ನೆ ಬರೀ ಕಾಫಿ ಕುಡಿದರು. ಬಾಯಿ ಕೆಟ್ಟಿರಬೇಕು ಎಂದುಕೊಂಡೆ. ಟೂವಾ ಬಾಗಿಲ ಮುಂದೆ ಹಾದಾಗ ಎಡಗೈಯನ್ನು ಹೊದಿಕೆಯಿಂದ ಹೊರತೆಗೆದು ಬಿಚ್ಚಿದರು. ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು ಆ ದಿನದ ಸಕ್ಕರೆ ತುಂಡು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಅಷ್ಟೊಂದು ಆಳುಗಳನ್ನು ನಡುಗಿಸಿದ ಮನುಷ್ಯ ಏಳು ವರ್ಷದ ಮೊಮ್ಮಗಳ ಮುಂದೆ ಕೈಚಾಚಿದರು. ಅವಳು ತೆಗೆದುಕೊಂಡಳು, ಒಂದು ಪುಟ ಓದಿದಳು, ಎದ್ದು ಹೋದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಕೂಸಿನದೇನು ತಪ್ಪು? ನಾವು ಕಲಿಸಿದ್ದನ್ನು ಕಲಿಯಿತು.

ಬೈದೆನೆಂದು ಬೇಸರಪಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು; ಆ ಇಲಿಗಳಿಗೂ ಒಂದಿಷ್ಟು ಹಾಕು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಹೆಡ್ವಿಗ್

ಮತ್ತೆ ಬರೆಯುತ್ತಿದ್ದೇನೆ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪನಿಗೆ ಮತ್ತೊಮ್ಮೆ ಲಕ್ವ ಹೊಡೆಯಿತು. ವೈದ್ಯರು ನೋಡಿ, ಮಗನನ್ನು ಕರೆಸಿ ಎಂದರು. ತಂತಿ ಕೊಟ್ಟಿದ್ದೇನೆ; ತಂತಿಯಲ್ಲಿ ಹೇಳಲಾಗದ್ದು ಇದು. ಟೂವಾ ಮಂಚದ ಹತ್ತಿರ ನಿಂತು ಅವರನ್ನೇ ನೋಡಿ, ನನ್ನ ತೋಳು ಜಗ್ಗಿ ಮೆಲ್ಲಗೆ, "ಅಜ್ಜ ಸತ್ತೋದ್ರೆ ಇನ್ಮೇಲೆ ಓದೋದು ಇರಲ್ಲ, ಅಲ್ವಾ ಅಜ್ಜಿ?" ಎಂದಳು. ಆ ದನಿಯಲ್ಲಿದ್ದದ್ದು ಸಂಕಟವೋ ನಿರಾಳವೋ, ಅವಳನ್ನು ಎತ್ತಿ ಆಡಿಸಿದ ನನಗೂ ತಿಳಿಯಲಿಲ್ಲ. ನೀನೇ ಬಂದು ನೋಡಿ ಹೇಳು.