ಪ್ರೇರಣಾಳ ದನಿ, ಬೂಟುಗಾಲಿನ ಪೂಜಾರಿ

ಕಿಲ್ಬರ್ನ್, ಅಡಿಲೇಡ್
9 ಆಗಸ್ಟ್ 2014

ಅತ್ತಿಗೆ,
ಅಳು ನಿಲ್ಲಿಸಿ. ನಿಮ್ಮ ಮಗಳ ದನಿ ವಾಪಸ್ ಬಂತು. ಗಂಟಲಿನ ಗೆಡ್ಡೆ ತೆಗೆದ ಮೇಲೆ ಐದು ವಾರ ಬರೀ ಪಿಸುಮಾತು. ಒಪೆರಾ ಮೇಳದಲ್ಲಿ ನಿಂತು ಸುಮ್ಮನೆ ತುಟಿ ಅಲ್ಲಾಡಿಸುತ್ತಿದ್ದಳು.

ಇವತ್ತು ಅವಳ ಜೊತೆ ರಿಹರ್ಸಲ್ಲಿಗೆ ಹೋಗಿದ್ದೆ. ಒಪೆರಾ ಅಂದರೆ ಮಾತನ್ನೂ ಹಾಡಿಯೇ ಆಡುವ ನಾಟಕ. ಇದು ನೂರಮೂವತ್ತು ವರ್ಷದ ಹಿಂದಿನ ಫ್ರೆಂಚ್ ಒಪೆರಾ. ಆ ಕಾಲದ ಅಲ್ಲಿನ ಸಂಗೀತಗಾರರು ಹಡಗನ್ನೇ ಹತ್ತದೆ, ಪ್ಯಾರಿಸ್ಸಿನಲ್ಲೇ ಕೂತು ನಮ್ಮ ದೇಶದ ಗುಡಿ, ಪೂಜಾರಿ, ಪೂಜಾರಿಯ ಮಗಳು ಎಲ್ಲಾ ಕಟ್ಟಿಬಿಟ್ಟಿದ್ದಾರೆ! ರಾಗ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಆದರೆ ಪೂಜಾರಿ ವೇಷದ ಆರಡಿ ಬಿಳಿಯ ಬೂಟು ಹಾಕಿಕೊಂಡೇ ಗರ್ಭಗುಡಿಗೆ ನುಗ್ಗಿದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಲೋ, ಬರಿಗಾಲಲ್ಲಿ ಬಂದ ನಮ್ಮನ್ನೇ ಊರ ಗುಡಿ ಹೊಸ್ತಿಲಲ್ಲಿ ತಡೆದರು, ನೀನು ಬೂಟಲ್ಲಿ ಹೋಗ್ತೀಯೇನೋ?"

ಪಿಯಾನೋ ನಿಂತಿತು. ಆಗ ಮೇಳದ ಹಿಂದಿನ ಸಾಲಿಂದ ಪ್ರೇರಣಾ ಗದರಿದಳು ನೋಡಿ: "ಅತ್ತೇ! ಕೂತ್ಕೊಳ್ಳಿ! ಇದು ರಿಹರ್ಸಲ್ಲು, ಧರಣಿ ಅಲ್ಲ!" ಆ ದನಿ ಮೈಕಿಲ್ಲದೆ ಸಭಾಂಗಣದ ಕೊನೇ ಗೋಡೆಗೆ ಬಡಿಯಿತು. ಅವಳೇ ಬೆಚ್ಚಿ ಗಂಟಲು ಮುಟ್ಟಿಕೊಂಡಳು.

ಗಾಯ ಒಣಗಿದೆ, ಮಾತ್ರೆ ತಪ್ಪಿಸಿಲ್ಲ. ನನ್ನ ಬಿಪಿಯೂ ಸರಿ ಇದೆ. ಮೂವತ್ತು ವರ್ಷದ ಹೋರಾಟದಲ್ಲಿ ಪೊಲೀಸರು ಎಷ್ಟು ಸಲ ಸುಮ್ಮನೆ ಕೂರು ಅಂದರೂ ಕೂರದವಳು, ಇವತ್ತು ಒಂದೇ ಮಾತಿಗೆ ಕೂತುಬಿಟ್ಟೆ.

ನಾದಿನಿ ಹೊನ್ನಮ್ಮ