ಕಾಡಿನೊಳಗೊಂದು ಕೋಣೆ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದಿನ ಮಗಳಿಗೆ ಅಮ್ಮನ ಆಶೀರ್ವಾದ.

ನೀನು ಕಾಗದ ಹಾಕಿ ತಿಂಗಳಾಯಿತು, ನಾನು ಉತ್ತರಕ್ಕೆ ಈಗ ಕೂತಿದ್ದೇನೆ. ಬೈಯುವುದಿದ್ದರೆ ನಿಮ್ಮಪ್ಪನನ್ನು ಬೈ. ಅವರ ನಿವೃತ್ತಿಗೆಂದು ನೀನು ಬಸ್ಸಿನ ಟಿಕೆಟ್ ಕಳಿಸಿ, "ಇಬ್ಬರೂ ಕಾಡು ನೋಡಿಕೊಂಡು ಬನ್ನಿ, ಉಳಿಯೋ ಜಾಗ ಮಾತ್ರ ನೀವೇ ನೋಡ್ಕೊಳ್ಳಿ" ಎಂದು ಬರೆದೆಯಲ್ಲ, ಆ ಒಂದು ಮಾತಿನಿಂದ ನಮ್ಮ ಮನೆ ರಣರಂಗವಾಗಿದೆ.

ಆ ರಾಷ್ಟ್ರೀಯ ಉದ್ಯಾನ ಇರುವುದು ರಸ್ತೆ ಮುಗಿಯುವಲ್ಲಿ. ಉಳಿಯಲು ಕಾಡಿನೊಳಗೆ ಅರಣ್ಯ ಇಲಾಖೆಯ ಅತಿಥಿಗೃಹ, ಗೇಟಿನ ಹೊರಗೆ ಟೆಂಟು, ಎಲ್ಲೋ ದೂರದ ಪೇಟೆಯಲ್ಲಿ ಒಂದು ಹೋಟೆಲು, ಇಷ್ಟೇ. ನನಗೆ ಅತಿಥಿಗೃಹವೇ ಬೇಕು. ಸಂಜೆ ಗೇಟು ಹಾಕಿದ ಮೇಲೆ ಹೊರಗಿನವರ ಗದ್ದಲವಿರುವುದಿಲ್ಲ; ಜಗಲಿಯಲ್ಲಿ ಸುಮ್ಮನೆ ಕೂತರೆ ಜಿಂಕೆಗಳು ಅಂಗಳಕ್ಕೇ ಬರುತ್ತವಂತೆ.

"ಅಲ್ಲಿ ಕರೆಂಟೇ ಸರಿಯಾಗಿ ಇರಲ್ವಂತೆ," ಎಂದು ನಿಮ್ಮಪ್ಪ ರಾಗ ತೆಗೆದರು. ಜೀವಮಾನವಿಡೀ ಪಂಪ್‌ಹೌಸಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಈಗ ಕತ್ತಲೆಯ ಚಿಂತೆ!

"ಆನೆ ಗೀನೆ ಬಂದ್ರೆ?"

"ಬರಲಿ ಅಂತ ತಾನೇ ಹೋಗೋದು?" ಅಂದೆ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಟೆಂಟು ಅಂದರೆ ಸೊಂಟ ನೋವಂತೆ. ಹೋಟೆಲೇ ವಾಸಿಯಂತೆ. ಆ ಹೋಟೆಲಿನ ಕಿಟಕಿ ತೆಗೆದರೆ ಕಾಣುವುದು ಬಸ್‌ಸ್ಟ್ಯಾಂಡು. ಅದನ್ನು ನೋಡಲು ಅಷ್ಟು ದೂರ ಹೋಗಬೇಕೇ? ನಮ್ಮ ಬೀದಿಯ ಕೊನೆಯಲ್ಲೇ ಇದೆ. ಕಾಡು ಕಾಡು ಎಂದು ಇಷ್ಟು ವರ್ಷ ಜಪ ಮಾಡಿದವರು ಇವರೇ. ನನಗೆ ತಲೆ ಚಿಟ್ಟು ಹಿಡಿದುಹೋಗಿದೆ. ಕಡೆಗೆ "ನಿನಗೆ ಹೇಗೆ ಬೇಕೋ ಹಾಗೆ ಮಾಡು" ಅನ್ನುತ್ತಾರೆ, ಹಾಗೆ ಮಾಡಲು ಹೋದರೆ ಮುಖ ಊದಿಸಿಕೊಳ್ಳುತ್ತಾರೆ.

ನಮ್ಮ ಸಂಸಾರ ನಡೆದದ್ದು ನಿನಗೆ ಗೊತ್ತೇ ಇದೆ. ಅವರು ಪಾಳಿ ಮುಗಿಸಿ ಬರುವಾಗ ನಾನು ಬೇಕರಿಗೆ ಹೊರಟಿರುತ್ತಿದ್ದೆ. ಬಾಗಿಲಲ್ಲೇ ಬೀಗದ ಕೈ ಕೊಟ್ಟು, ಪಾತ್ರೆಯಲ್ಲಿ ಏನಿದೆ ಎಂದು ಹೇಳಿ ಓಡುತ್ತಿದ್ದೆ. ನಾನು ಎದ್ದ ಹಾಸಿಗೆಯಲ್ಲೇ, ದಿಂಬು ತಣ್ಣಗಾಗುವ ಮೊದಲೇ ಅವರು ಮಲಗುತ್ತಿದ್ದರು. "ಅಪ್ಪ ಅಮ್ಮ ಬಾಗಿಲಲ್ಲಿ ಮಾತ್ರ ಗಂಡ ಹೆಂಡತಿ" ಎಂದು ನೀನೇ ತಮಾಷೆ ಮಾಡುತ್ತಿದ್ದೆ. ನಾನೂ ನಗುತ್ತಿದ್ದೆ. ನಿವೃತ್ತಿಯಾಗಲಿ, ಆಮೇಲೆ ಇದ್ದೇ ಇದೆಯಲ್ಲ ಎಂದುಕೊಂಡಿದ್ದೆ.

ಉಳಿದ ಸಮಾಚಾರ ಮಾಮೂಲು. ಬೇಕರಿಯ ಒಲೆ ಮತ್ತೆ ಕೆಟ್ಟಿದೆ, ಬನ್ನುಗಳು ಒಂದು ಕಡೆ ಕರಕಲು, ಒಂದು ಕಡೆ ಹಸಿ. ಹಾಲ್‌ನ ಸೋಫಾ ನಿಮ್ಮಪ್ಪನ ಪಾಲಾಗಿದೆ. ಬೆನ್ನಿಗೆ ಅದೇ ಹಿತವಂತೆ, ದಿನಾ ಅಲ್ಲೇ ನಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮಿಗೆ ಔಷಧಿ ತೊಗೊ, ಉದಾಸೀನ ಮಾಡಬೇಡ. ನಿನಗೆ ಎಲ್ಲವೂ ಒಳ್ಳೆಯದಾಗಲಿ.

ಇಂತು,
ನಿನ್ನ ಅಮ್ಮ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ನಾನು ಬಟ್ಟೆ ಒಣಹಾಕುತ್ತಿದ್ದಾಗ ನಿಮ್ಮಪ್ಪ ಹೋಟೆಲಿಗೆ ಫೋನ್ ಮಾಡಿ, "ನಮಗೆ ಬೇರೆ ಬೇರೆ ರೂಮು, ಎರಡು ಬೇಕು," ಅನ್ನುವುದು ಕೇಳಿಸಿತು. ಅತಿಥಿಗೃಹದಲ್ಲಿ ಖಾಲಿ ಉಳಿದಿರುವುದು ಒಂದೇ ಕೋಣೆ, ಟೆಂಟೂ ಒಂದೇ. ಕರೆಂಟು, ಆನೆ, ಸೊಂಟ ಎಲ್ಲ ಯಾಕೆ ಬಂದವೆಂದು ಆಗ ತಿಳಿಯಿತು. ಕೇಳಿದೆ. "ಪಕ್ಕದಲ್ಲಿ ನೀನಿದ್ರೆ ನಿದ್ದೆ ಬರಲ್ಲ ಕಣೇ. ಅಭ್ಯಾಸ ಇಲ್ಲ," ಅಂದರು. ಕೋಪದಿಂದಲ್ಲ, ಮೆತ್ತಗೇ ಅಂದರು. ಅದಕ್ಕೇ ಇನ್ನೂ ಉರಿಯುತ್ತಿದೆ.

ಇವತ್ತು ಬೆಳಿಗ್ಗೆ ಅತಿಥಿಗೃಹಕ್ಕೆ ಮತ್ತೆ ಫೋನ್ ಮಾಡಿದೆ; ಈ ಮೊದಲು ಎರಡು ಸಲ ಕೋಣೆ ಕೇಳಿ, ನಿಮ್ಮಪ್ಪನ ರಾಗಕ್ಕೆ ಆಮೇಲೆ ಹೇಳುತ್ತೇನೆ ಎಂದು ಇಟ್ಟುಬಿಟ್ಟಿದ್ದೆ. "ಅಮ್ಮಾ, ಈ ಸಲನಾದ್ರೂ ಗಟ್ಟಿಯಾಗಿ ಹೇಳಿ," ಎಂದಳು ಅಲ್ಲಿ ಫೋನ್ ತೆಗೆಯುವ ಹುಡುಗಿ. ಗಟ್ಟಿಯಾಗಿಯೇ ಹೇಳಿದೆ. ಒಂದೇ ಕೋಣೆ, ಒಂದೇ ಮಂಚ. ನಿಮ್ಮಪ್ಪನಿಗೆ ಇನ್ನೂ ತಿಳಿಸಿಲ್ಲ, ನೀನೂ ಬಾಯಿ ಬಿಡಬೇಡ. ನಿದ್ದೆ ಬರದಿದ್ದರೆ ಇಬ್ಬರೂ ಎದ್ದು ಕೂತಿರುತ್ತೇವೆ. ಅದಾದರೂ ಒಟ್ಟಿಗೆ ಆಗುತ್ತದಲ್ಲ.